ಎನ್‌ಪಿವೈಯೋ, ಎಜಿಆರ್‌ಪಿಯೋ: ಇಲಿಗಳ ಹಸಿವಿನ ಪ್ರಯೋಗಕ್ಕೆ ಯಾವುದು?

ಎನ್‌ಪಿವೈ (ನ್ಯೂರೋಪೆಪ್ಟೈಡ್ ವೈ) ಮತ್ತು ಎಜಿಆರ್‌ಪಿ (ಅಗೌಟಿ-ಸಂಬಂಧಿತ ಪೆಪ್ಟೈಡ್) ಮೆದುಳಿನ ಸಂದೇಶವಾಹಕ ಪೆಪ್ಟೈಡ್‌ಗಳು. ಎರಡೂ ಮೆದುಳಿನಲ್ಲಿ ಹಸಿವನ್ನು ನಿಯಂತ್ರಿಸುವ ಹೈಪೋಥಾಲಮಸ್‌ನ ಆರ್ಕ್ಯುಯೇಟ್ ಭಾಗದ ಒಂದೇ ಬಗೆಯ ನರಕೋಶಗಳಲ್ಲಿ ತಯಾರಾಗುತ್ತವೆ, ಎರಡೂ ಹಸಿವು ಕೆರಳಿಸುತ್ತವೆ. ವ್ಯತ್ಯಾಸವಿರುವುದು ಅವಧಿಯಲ್ಲಿ. 36 ಅಮೈನೋ ಆಮ್ಲಗಳ ಎನ್‌ಪಿವೈಯನ್ನು ಮೆದುಳಿನ ಕುಹರಕ್ಕೆ ಕೊಟ್ಟರೆ ಹೊಟ್ಟೆ ತುಂಬಿದ ಇಲಿಯೂ ನಿಮಿಷಗಳಲ್ಲೇ ತಿನ್ನತೊಡಗುತ್ತದೆ. ಕೆಲವು ಗಂಟೆಗಳಲ್ಲಿ ಪರಿಣಾಮ ಇಳಿಯುತ್ತದೆ. ಎಜಿಆರ್‌ಪಿ ನಿಧಾನ, ಆದರೆ ಒಂದೇ ಡೋಸ್‌ನ ಪ್ರಭಾವ ದಿನಗಟ್ಟಲೆ ಉಳಿಯುತ್ತದೆ. ಅದೇ ಇಲಿಯನ್ನು ಮರುದಿನವೇ ಕಂಟ್ರೋಲ್ ಆಗಿ (ಮದ್ದಿಲ್ಲದ ಹೋಲಿಕೆಗೆ) ಬಳಸಿದರೆ ಲೆಕ್ಕವೆಲ್ಲ ಕೆಡುತ್ತದೆ.

ಒಂದು ಹಗಲಲ್ಲಿ ಮುಗಿಯುವ ಪ್ರಯೋಗಕ್ಕೆ ಎನ್‌ಪಿವೈಯೇ ಸರಿ. ಅದರಿಂದ ತೂಕ ಏರುವುದನ್ನು ನೋಡಬೇಕಿದ್ದರೆ ಪಂಪ್‌ನಿಂದ ನಿರಂತರವಾಗಿ ಹರಿಸಬೇಕು. ಹಗಲಲ್ಲೇ ಕೊಡಿ: ರಾತ್ರಿ ಇಲಿ ಹೇಗೂ ಹೆಚ್ಚು ತಿನ್ನುತ್ತದೆ, ಏರಿಕೆ ಮುಚ್ಚಿಹೋಗುತ್ತದೆ. ಯಾವುದನ್ನೇ ಆರಿಸಿ, ಮೊದಲು ಬಾಯಾರಿಕೆ ಕೆರಳಿಸುವ ಹಾರ್ಮೋನ್ ಆಂಜಿಯೋಟೆನ್ಸಿನ್ 2 ಕೊಟ್ಟು ನೋಡಿ. ಇಲಿ ಬೇಗನೆ ನೀರು ಕುಡಿಯದಿದ್ದರೆ ಕ್ಯಾನ್ಯುಲಾ (ಕುಹರಕ್ಕೆ ಮದ್ದು ಹಾಯಿಸುವ ಸಣ್ಣ ಕೊಳವೆ) ಜಾಗ ತಪ್ಪಿರುವ ಸಾಧ್ಯತೆಯೇ ಹೆಚ್ಚು. ಪಂಜರದಡಿ ಉದುರಿದ ಆಹಾರವನ್ನೂ ತೂಗಿ.