ಇಂಜಿನಿಯರಿಂಗ್ ಫೈನಲ್ ಇಯರ್ ಪ್ರಾಜೆಕ್ಟ್: ನಿಮ್ಮ ಬ್ರಾಂಚಿನವರೇ ಸಾಕಾ, ಮಿಶ್ರ ತಂಡ ಬೇಕಾ?

ಒಂದೇ ಬ್ರಾಂಚಿನ ತಂಡದಲ್ಲಿ ಕೆಲಸ ಸಲೀಸು. ಟೈಮ್‌ಟೇಬಲ್ ಒಂದೇ, ಗೈಡ್ ಒಬ್ಬರೇ. ಒಂದೇ ವಿಷಯವನ್ನು ಆಳವಾಗಿ ಕೆದಕಬೇಕು, ಮುಂದೆ ಎಂ.ಟೆಕ್ ಮಾಡಬೇಕು ಅಂತಿದ್ದರೆ ಇದೇ ಸರಿ.

ಮಿಶ್ರ ತಂಡದ ಕಥೆ ಬೇರೆ. ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿನ ತರಕಾರಿ ತಳ್ಳುಗಾಡಿಗೆ 250 ವ್ಯಾಟ್ ಮೋಟಾರ್ ಕೂರಿಸಬೇಕು ಅಂದುಕೊಳ್ಳಿ. ಮೆಕ್ಯಾನಿಕಲ್‌ನವರು ಫ್ರೇಮ್ ಗಟ್ಟಿ ಮಾಡುತ್ತಾರೆ, ತೂಕ ಏರುತ್ತದೆ. ತೂಕ ಏರಿದರೆ ಎಲೆಕ್ಟ್ರಾನಿಕ್ಸ್‌ನವರಿಗೆ ದೊಡ್ಡ ಬ್ಯಾಟರಿ ಬೇಕು. ಅದನ್ನು ಇಡಲು ಹೊರಟ ಜಾಗದಲ್ಲಿ ವ್ಯಾಪಾರಿ ತಕ್ಕಡಿ, ಗೋಣಿಚೀಲ ಇಟ್ಟುಕೊಳ್ಳುತ್ತಾರೆ ಅಂತ ಡಿಸೈನ್ ವಿದ್ಯಾರ್ಥಿನಿ ತಕರಾರು ತೆಗೆಯುತ್ತಾಳೆ. ಮತ್ತೆ ಮೊದಲಿಂದ ಲೆಕ್ಕ! ಕಲಿಯೋದು ಈ ಜಟಾಪಟಿಯಲ್ಲೇ ಜಾಸ್ತಿ.

ತಲೆನೋವೂ ಇದೆ. ಎಲೆಕ್ಟ್ರಾನಿಕ್ಸ್ ಅಂಗಡಿಗಳೇ ತುಂಬಿರುವ ಎಸ್.ಪಿ. ರೋಡಿನಲ್ಲಿ ಮೋಟಾರ್, ಕಂಟ್ರೋಲರ್ ಒಂದೇ ಮಧ್ಯಾಹ್ನದಲ್ಲಿ ಸಿಕ್ಕಾವು. ಎಲ್ಲರಿಗೂ ಬಿಡುವಿರುವ ಮಧ್ಯಾಹ್ನ ಸಿಗೋದೇ ಕಷ್ಟ. ಮಾರ್ಕ್ಸನ್ನು ಬೇರೆ ಬೇರೆ ವಿಭಾಗಗಳು ಕೊಡುವುದಾದರೆ ಯಾರ ಪಾಲಿನ ಕೆಲಸ ಯಾವುದು ಅಂತ ಶುರುವಲ್ಲೇ ಬರೆದಿಡಿ. ಇಲ್ಲದಿದ್ದರೆ ವೈವಾದಲ್ಲಿ ಪೇಚಾಟ.

ಕಂಪನಿ ಕೆಲಸದ ಮೇಲೆ ಕಣ್ಣಿದ್ದರೆ ನನ್ನ ವೋಟು ಮಿಶ್ರ ತಂಡಕ್ಕೆ. ಆದರೆ ಎಲ್ಲ ಬ್ರಾಂಚಿನ ಗೈಡ್‌ಗಳು ತಿಂಗಳಿಗೊಮ್ಮೆಯಾದರೂ ಒಟ್ಟಿಗೆ ಕೂರಲು ಒಪ್ಪದಿದ್ದರೆ ಸುಮ್ನೆ ನಿಮ್ಮ ಬ್ರಾಂಚಿನಲ್ಲೇ ಮಾಡಿ.