ನಾನೂರು ಪದಗಳ ಕಥೆ: ಇಂಗ್ಲಿಷ್ ಕಲಿಸುವ ಹಂತಹಂತದ ಪುಸ್ತಕಗಳು

ವ್ಯಾಕರಣದ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಎರಡು ಸಲ ಓದಿಯೂ ಇಂಗ್ಲಿಷಿನ ಒಂದು ಕಥೆಯನ್ನು ಎಡವದೆ ಓದಲಾರದವರು ಬಹಳ ಮಂದಿಯಿದ್ದಾರೆ. ಅವರಲ್ಲಿ ನಾನೂ ಒಬ್ಬಳಾಗಿದ್ದೆ. ಭೂತಕಾಲದ ರೂಪಗಳೆಲ್ಲ ಬಾಯಿಪಾಠವಾಗಿದ್ದವು. ಆದರೆ ವಾಕ್ಯವೊಂದು ಎದುರಾದರೆ ಅದನ್ನು ಬಿಡಿಸಿ, ನಡುವೆ ಕುಳಿತಿದ್ದ ಕ್ರಿಯಾಪದವನ್ನು ಎತ್ತಿ ಕೊನೆಗೆ ತಂದಿಟ್ಟು, ಕನ್ನಡದ ವಾಕ್ಯವನ್ನಾಗಿ ಮಾಡಿಕೊಂಡ ಮೇಲೆಯೇ ಅರ್ಥ ಹೊಳೆಯುತ್ತಿತ್ತು. ಇಂಥ ಓದುಗರಿಗೆಂದೇ ಪದಗಳನ್ನು ಎಣಿಸಿ ಬರೆದ ಸರಳ ಕಥೆಪುಸ್ತಕಗಳಿವೆ. ಗ್ರೇಡೆಡ್ ರೀಡರ್ ಎಂಬ ಹೆಸರಿನ ಈ ಪುಸ್ತಕಗಳಲ್ಲಿ ಹದಿನೈದರಷ್ಟನ್ನು ಕಳೆದ ಕೆಲವು ತಿಂಗಳುಗಳಲ್ಲಿ ಓದಿದೆ. ಹೆಚ್ಚಿನವು ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಮಾಲೆಯವು, ಉಳಿದವು ಬೇರೆ ಬೇರೆ ಪ್ರಕಾಶಕರವು.

ಬುಕ್‌ವರ್ಮ್ಸ್ ಮಾಲೆಯಲ್ಲಿ ಆರಂಭಿಕ ಹಂತವೂ ಸೇರಿ ಏಳು ಹಂತಗಳಿವೆ. ಆರಂಭಿಕ ಹಂತದ ಪುಸ್ತಕಗಳು 250 ಮೂಲಪದಗಳೊಳಗೆ ಮುಗಿಯುತ್ತವೆ. ಮೊದಲನೆಯ ಹಂತಕ್ಕೆ 400, ಎರಡನೆಯದಕ್ಕೆ 700, ಮೂರನೆಯದಕ್ಕೆ 1000, ಹೀಗೆ ಏರುತ್ತಾ ಆರನೆಯ ಹಂತದಲ್ಲಿ 2500 ಪದಗಳಾಗುತ್ತವೆ. ಮೂಲಪದವೆಂದರೆ ನಿಘಂಟಿನಲ್ಲಿ ತಲೆಪದವಾಗಿ ನಿಲ್ಲುವಂಥದು. ಗೋ, ಗೋಸ್, ವೆಂಟ್, ಗಾನ್ ನಾಲ್ಕೂ ಸೇರಿ ಲೆಕ್ಕಕ್ಕೆ ಒಂದೇ. ವ್ಯಾಕರಣಕ್ಕೂ ಇಂಥದೇ ಕಡಿವಾಣವಿದೆ. ಹ್ಯಾವ್ ಗಾನ್ ಮಾದರಿಯ ಪ್ರೆಸೆಂಟ್ ಪರ್ಫೆಕ್ಟ್ ಎರಡನೆಯ ಹಂತದಲ್ಲಿ, ಹ್ಯಾಡ್ ಗಾನ್ ಮಾದರಿಯ ಪಾಸ್ಟ್ ಪರ್ಫೆಕ್ಟ್ ಮೂರನೆಯ ಹಂತದಲ್ಲಿ ಕಾಣಿಸಿಕೊಳ್ಳುತ್ತವೆ.

ಪದಗಳನ್ನು ಎಣಿಸುವ ಈ ಉಪಾಯ ಹೊಸದೇನಲ್ಲ. 1920ರ ದಶಕದಲ್ಲಿ ಢಾಕಾದಲ್ಲಿ ಶಿಕ್ಷಕರ ತರಬೇತಿಯ ಕೆಲಸದಲ್ಲಿದ್ದ ಮೈಕೆಲ್ ವೆಸ್ಟ್, ವಿದ್ಯಾರ್ಥಿಗಳ ಪಾಠಪುಸ್ತಕಗಳಲ್ಲಿ ಅಪರೂಪದ ಪದಗಳು ಕಿಕ್ಕಿರಿದಿರುವುದನ್ನು ಗಮನಿಸಿ, ಅವುಗಳ ಜಾಗದಲ್ಲಿ ಬಳಕೆಯ ಪದಗಳನ್ನಿಟ್ಟು, ಹೊಸ ಪದಗಳನ್ನು ದೂರದೂರಕ್ಕೆ ಹರಡಿ ಓದುವ ಪುಸ್ತಕಗಳನ್ನು ಸಿದ್ಧಪಡಿಸಿದರು. ಸುಮಾರು 2000 ಪದಗಳ ಅವರ ಪಟ್ಟಿ 1953ರಲ್ಲಿ ಪ್ರಕಟವಾಯಿತು.

ಈ ಪುಸ್ತಕಗಳ ಗುಣದೋಷಗಳಿಗಿಂತ ಮೊದಲು ಹಂತದ ಆಯ್ಕೆಯ ಬಗ್ಗೆ ಹೇಳಬೇಕು, ಏಕೆಂದರೆ ಹೆಚ್ಚಿನವರು ಎಡವುವುದು ಅಲ್ಲಿಯೇ. ನಿಘಂಟಿನ ನೆರವಿಲ್ಲದೆ ಒಂದು ಕಥೆಯನ್ನು ಸುಖವಾಗಿ ಓದಬೇಕಾದರೆ ಅದರಲ್ಲಿನ ನೂರರಲ್ಲಿ 98 ಪದಗಳಾದರೂ ಪರಿಚಿತವಾಗಿರಬೇಕು ಎಂಬುದು ಈ ಕ್ಷೇತ್ರದ ಸಂಶೋಧಕರು ಸಾಮಾನ್ಯವಾಗಿ ಒಪ್ಪಿರುವ ಅಂದಾಜು. ಇನ್ನೂರು ಪದಗಳ ಒಂದು ಪುಟದಲ್ಲಿ ನಾಲ್ಕು ಅಪರಿಚಿತ ಪದಗಳಿದ್ದರೆ ಓದು ಸಾಗುತ್ತದೆ, ಹತ್ತಾದರೆ ಕುಂಟುತ್ತದೆ, ಇಪ್ಪತ್ತಾದರೆ ಅದು ಓದಲ್ಲ, ನಿಘಂಟಿನೊಡನೆ ನಡೆಸುವ ಗುದ್ದಾಟ. ನಾನು ಮೊದಲು ತೆರೆದದ್ದು ನಾಲ್ಕನೆಯ ಹಂತದ ಪುಸ್ತಕ. ಇಷ್ಟು ವರ್ಷ ಶಾಲೆಯಲ್ಲಿ ಇಂಗ್ಲಿಷ್ ಓದಿದವಳು ಮಕ್ಕಳಂತೆ ನಾನೂರು ಪದಗಳ ಕಥೆ ಹಿಡಿದು ಕೂರುವುದೇ ಎಂಬ ಬಿಗುಮಾನ. ಹನ್ನೆರಡು ಪುಟಗಳಲ್ಲಿ ಆ ಬಿಗುಮಾನ ಇಳಿಯಿತು. ಮೊದಲನೆಯ ಹಂತಕ್ಕೆ ಬಂದಾಗ ಒಂದು ಪುಸ್ತಕ ಒಂದೇ ಸಂಜೆಯಲ್ಲಿ ಮುಗಿಯಿತು. ಇಂಗ್ಲಿಷಿನಲ್ಲಿ ಒಂದು ಕಥೆಯನ್ನು ಪೂರ್ತಿ ಓದಿದ್ದು ನನ್ನ ಮಟ್ಟಿಗೆ ಅದೇ ಮೊದಲು. ಪುಟವೊಂದನ್ನು ತೆರೆದು ಗೊತ್ತಿಲ್ಲದ ಪದಗಳನ್ನು ಎಣಿಸಿ, ನಾಲ್ಕನ್ನು ಮೀರಿದರೆ ಒಂದು ಹಂತ ಕೆಳಗಿಳಿಯುವುದು ನಾನು ಕಂಡುಕೊಂಡ ಲೆಕ್ಕ.

ಕಥೆಯೇ ಏಕೆ, ಸರಳ ಲೇಖನಗಳು ಸಾಲದೇ ಎಂದು ಕೇಳಬಹುದು. ಸಾಲವು ಎಂದು ಈಗ ಅನ್ನಿಸುತ್ತದೆ. ಕಥೆ ನಡೆದುಹೋದದ್ದನ್ನು ಹೇಳುತ್ತದೆಯಾದ್ದರಿಂದ ವೆಂಟ್, ಸಾ, ಟುಕ್, ಥಾಟ್ ಮುಂತಾದ ಹಟಮಾರಿ ರೂಪಗಳು ಪ್ರತಿ ಪುಟದಲ್ಲಿಯೂ ಎದುರಾಗುತ್ತವೆ. ಪಟ್ಟಿಯಾಗಿ ಉರುಹೊಡೆದಾಗ ನಿಲ್ಲದವು ಇಪ್ಪತ್ತು ಸಲ ಕಂಡ ಮೇಲೆ ತಾವಾಗಿಯೇ ನಿಲ್ಲುತ್ತವೆ. ಇದಕ್ಕಿಂತ ದೊಡ್ಡ ಲಾಭ ಎ ಮತ್ತು ದಿ ಎಂಬ ಎರಡು ಚಿಕ್ಕ ಪದಗಳದ್ದು. ಇವುಗಳ ನಿಯಮಗಳನ್ನು ನಾನು ಎಷ್ಟು ಸಲ ಓದಿದ್ದರೂ ಬರೆಯುವಾಗ ಕೈ ತಡೆಯುತ್ತಿತ್ತು. ಕಥೆಯಲ್ಲಿಯಾದರೋ ಮೊದಲ ವಾಕ್ಯದಲ್ಲಿ ಎ ಮ್ಯಾನ್ ಬರುತ್ತಾನೆ, ಎರಡನೆಯದರಲ್ಲಿ ಅವನೇ ದಿ ಮ್ಯಾನ್ ಆಗುತ್ತಾನೆ. ‘ಒಂದೂರಲ್ಲಿ ಒಬ್ಬ ರಾಜನಿದ್ದ, ಆ ರಾಜನಿಗೆ ಮೂವರು ಮಕ್ಕಳು’ ಎಂದು ಅಜ್ಜಿ ಹೇಳುತ್ತಿದ್ದ ಕಥೆಯಲ್ಲಿ ‘ಒಬ್ಬ’ ಮತ್ತು ‘ಆ’ ಮಾಡುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ ಕೆಲಸವೆಂದು ಹೊಳೆದದ್ದು ನಾಲ್ಕನೆಯ ಪುಸ್ತಕದ ನಡುವೆ. ಎಲ್ಲ ಬಳಕೆಗಳಿಗೂ ಈ ಹೋಲಿಕೆ ಒಗ್ಗುವುದಿಲ್ಲ. ಆದರೂ ಅರ್ಧ ದಾರಿ ಸವೆಸಲು ಅದು ಸಾಕಾಯಿತು. ಸ್ಟಿಲ್, ಈವನ್, ಜಸ್ಟ್ ಮುಂತಾದ, ನಿಘಂಟಿನಲ್ಲಿ ಹುಡುಕಿದಷ್ಟೂ ಜಾರಿಕೊಳ್ಳುವ ಪದಗಳಿಗೂ ಈ ಮಾತು ಸಲ್ಲುತ್ತದೆ. ಮನೆಯ ಬಾಗಿಲು ಇನ್ನೂ ತೆರೆದೇ ಇತ್ತು ಎಂದು ಪಾತ್ರವೊಂದು ಬೆದರಿ ನಿಂತಾಗ ಸ್ಟಿಲ್ ಎಂಬುದರ ಅರ್ಥವನ್ನು ಯಾರೂ ವಿವರಿಸಬೇಕಾಗಿರುವುದಿಲ್ಲ. ಆರೇಳು ಪುಸ್ತಕಗಳಾಗುವ ಹೊತ್ತಿಗೆ ಕ್ರಿಯಾಪದವನ್ನು ಎತ್ತಿ ಕೊನೆಗಿಡುವ ಅಭ್ಯಾಸವೂ ಬಿಟ್ಟುಹೋಗಿತ್ತು.

ಕೊರತೆಗಳಿಲ್ಲವೆಂದಲ್ಲ. ಪದಗಳ ಎಣಿಕೆಯೇ ಒಂದು ಕಡೆ ಮೋಸ ಮಾಡುತ್ತದೆ. ಪುಟ್, ಅಪ್, ವಿತ್ ಮೂರೂ ಅತ್ಯಂತ ಸುಲಭದ ಪದಗಳು. ಮೂರೂ ಒಟ್ಟಿಗೆ ಬಂದಾಗ ಸಹಿಸಿಕೊಳ್ಳುವುದು ಎಂಬ ಅರ್ಥವಾಗುತ್ತದೆಂದು ಯಾವ ಮೂಲಪದದ ಪಟ್ಟಿಯೂ ತಿಳಿಸುವುದಿಲ್ಲ. ಕೈ ಗೊತ್ತು, ಕೊಡು ಗೊತ್ತು ಎಂದ ಮಾತ್ರಕ್ಕೆ ಕನ್ನಡ ಕಲಿಯುವವನಿಗೆ ‘ಕೈಕೊಟ್ಟ’ ಎಂಬುದು ಅರ್ಥವಾದೀತೇ? ಪುಸ್ತಕಗಳ ಕೊನೆಯಲ್ಲಿ ಕಠಿಣ ಪದಗಳಿಗೆ ಅರ್ಥ ಕೊಟ್ಟಿರುವುದು ಇಂಗ್ಲಿಷಿನಲ್ಲಿಯೇ ಆದ್ದರಿಂದ ತೀರ ಹೊಸಬರಿಗೆ ಅದರಿಂದ ಸಿಗುವ ನೆರವು ಕಡಿಮೆ.

ಇನ್ನೊಂದು ತಕರಾರು ಬರವಣಿಗೆಯದು. ಈ ಬಗೆಯ ಪುಸ್ತಕಗಳಲ್ಲಿ ಹಳೆಯ ದೊಡ್ಡ ಕಾದಂಬರಿಗಳನ್ನು ಹಿಂಡಿ ಇಳಿಸಿದವೂ ಇವೆ, ಕಲಿಯುವವರಿಗೆಂದೇ ಹೊಸದಾಗಿ ಬರೆದವೂ ಇವೆ. ಮೊದಲ ಗುಂಪಿನವು ಕೆಳಗಿನ ಹಂತಗಳಲ್ಲಿ ಬಹುಮಟ್ಟಿಗೆ ಸಾರಾಂಶದಂತಿರುತ್ತವೆ: ಅವನು ಬಂದ, ಅವಳು ಅತ್ತಳು, ಅವರು ಮದುವೆಯಾದರು. ಮೂಲ ಕೃತಿಯನ್ನು ಅನುವಾದದಲ್ಲಾದರೂ ಓದಿದವರಿಗೆ ಇದು ಬೇಸರ ತರುತ್ತದೆ. ಎರಡನೆಯ ಗುಂಪಿನ ಕಥೆಗಳು ನಾನೂರು ಪದಗಳನ್ನು ನಂಬಿಯೇ ಹುಟ್ಟಿದವಾದ್ದರಿಂದ ಅವುಗಳಲ್ಲಿ ಏನೋ ಕಡಿದುಹೋಗಿದೆ ಎನ್ನಿಸುವುದಿಲ್ಲ. ಪತ್ತೇದಾರಿ ಮತ್ತು ಭಯದ ಕಥೆಗಳಂತೂ ಚಿಕ್ಕ ವಾಕ್ಯಗಳಿಂದಲೇ ಬಿಗಿಯಾಗುತ್ತವೆ. ಮೊದಲೆರಡು ಹಂತಗಳಲ್ಲಿ ಇವನ್ನೇ ಆರಿಸಿಕೊಳ್ಳುವುದು ಮೇಲು. ಕೊನೆಯಲ್ಲಿರುವ ಅಭ್ಯಾಸಗಳನ್ನು ಮೂರು ಪುಸ್ತಕಗಳವರೆಗೆ ಶ್ರದ್ಧೆಯಿಂದ ಮಾಡಿ ಆಮೇಲೆ ಬಿಟ್ಟೆ. ಆ ಹೊತ್ತಿನಲ್ಲಿ ಇನ್ನೊಂದು ಕಥೆ ಓದಬಹುದಿತ್ತು.

ಧ್ವನಿಮುದ್ರಿಕೆಯನ್ನು ಮಾತ್ರ ಬಿಡಬಾರದು. ಬರೆದಂತೆಯೇ ಓದುವ ಭಾಷೆಯಿಂದ ಬಂದ ನಮಗೆ ಇಂಗ್ಲಿಷಿನ ಕಾಗುಣಿತ ಹೆಜ್ಜೆಹೆಜ್ಜೆಗೂ ದಾರಿ ತಪ್ಪಿಸುತ್ತದೆ. ಕಣ್ಣಿನಿಂದಷ್ಟೇ ಓದಿದ ಪದ ಮನಸ್ಸಿನಲ್ಲಿ ತಪ್ಪು ಉಚ್ಚಾರಣೆಯೊಡನೆ ಬೇರೂರುತ್ತದೆ. ಐಲಂಡ್ ಎಂಬ ಪದದ ನಡುವಿನ ಎಸ್ ಅಕ್ಷರವನ್ನು ನಾನು ಎಷ್ಟೋ ವರ್ಷ ಉಚ್ಚರಿಸುತ್ತಿದ್ದೆ. ಒಮ್ಮೆ ಓದಿ, ಮರುದಿನ ಪುಸ್ತಕ ಮುಚ್ಚಿ ಅದೇ ಅಧ್ಯಾಯವನ್ನು ಕೇಳುವುದು ಚೆನ್ನಾಗಿ ಫಲಿಸಿತು. ಬೇರೊಬ್ಬ ಪ್ರಕಾಶಕರ ಒಂದು ಪುಸ್ತಕದ ಧ್ವನಿಯಲ್ಲಿ ಪದಪದಕ್ಕೂ ನಿಲ್ಲಿಸಿ ಓದಿದ್ದರು. ಯಾರೂ ಹಾಗೆ ಮಾತನಾಡುವುದಿಲ್ಲವಾದ್ದರಿಂದ ಅದು ಕಿವಿಗೆ ಉಪಯೋಗಕ್ಕೆ ಬರಲಿಲ್ಲ. ಇಷ್ಟೆಲ್ಲ ಓದಿ ಕೇಳಿದರೂ ಬಾಯಿ ತಾನಾಗಿ ತೆರೆಯುವುದಿಲ್ಲ. ಮಾತಿಗೆ ಮಾತಿನ ಅಭ್ಯಾಸವೇ ಬೇಕು.

ಕೊಳ್ಳುವ ಮುನ್ನ ಇನ್ನೊಂದು ಸಂಗತಿ ತಿಳಿದಿರಲಿ. ಮಾಲೆ ಮುಗಿಯುವುದು 2500 ಮೂಲಪದಗಳಿಗೆ. ಸಾಮಾನ್ಯ ಕಾದಂಬರಿಯನ್ನೋ ದಿನಪತ್ರಿಕೆಯನ್ನೋ ಅದೇ ಸುಖದಲ್ಲಿ ಓದಲು ಎಂಟೊಂಬತ್ತು ಸಾವಿರ ಪದಕುಟುಂಬಗಳು (ಒಂದು ಮೂಲಪದ ಮತ್ತು ಅದರಿಂದ ಹುಟ್ಟಿದ ಪದಗಳು ಸೇರಿ ಒಂದು ಕುಟುಂಬ) ಬೇಕಾಗುತ್ತವೆಂದು ಭಾಷಾತಜ್ಞ ಪಾಲ್ ನೇಷನ್ 2006ರಲ್ಲಿ ಲೆಕ್ಕ ಹಾಕಿದ್ದಾರೆ. ನಡುವಿನ ಈ ಬಯಲಿಗೆ ಬುಕ್‌ವರ್ಮ್ಸ್ ಮಾಲೆಯಲ್ಲಿ ಏನೂ ಇಲ್ಲ. ನಾನೀಗ ನಾಲ್ಕನೆಯ ಹಂತದಲ್ಲಿದ್ದೇನೆ. ಹನ್ನೆರಡನೆಯ ಪುಟದಲ್ಲಿ ಮುಚ್ಚಿಟ್ಟಿದ್ದ ಆ ಮೊದಲ ಪುಸ್ತಕವನ್ನೇ ಮತ್ತೆ ತೆರೆದಿದ್ದೇನೆ.