ಮಂಕಾದ ಕಪ್ಪು ಸಿಂಕ್: ವಿನೆಗರೋ, ನಿಂಬೆ ಉಪ್ಪೋ, ಎಣ್ಣೆಯೋ?

ಹೊಸೂರು ಕಡೆಯ ಗಡಸು ಬೋರ್ ನೀರು ಬೀಳುವ ಮನೆಗಳಲ್ಲಿ ಕಪ್ಪು ಕ್ವಾರ್ಟ್ಸ್ ಸಿಂಕ್ (ಕಲ್ಲಿನ ಪುಡಿಯನ್ನು ರಾಳದಲ್ಲಿ, ಅಂದರೆ ರೆಸಿನ್‌ನಲ್ಲಿ, ಬೆರೆಸಿ ಎರಕ ಹೊಯ್ದದ್ದು) ಬೇಗನೆ ಬೂದಿ ಬಳಿದಂತೆ ಕಾಣತೊಡಗುತ್ತದೆ. ಬಣ್ಣ ಹೋಯಿತೆಂದು ಹೊಸದು ತರುವ ಮೊದಲು, ಒಣಗಿದ ಜಾಗಕ್ಕೆ ಎರಡು ಹನಿ ನಿಂಬೆರಸ ಬಿಟ್ಟು ನೋಡಿ. ಸಣ್ಣ ಗುಳ್ಳೆ ಎದ್ದರೆ ಅದು ನೀರಿನ ಸುಣ್ಣ.

ಸುಣ್ಣಕ್ಕೆ ಹುಳಿಯೇ ಮದ್ದು. ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಹಚ್ಚಿದರೆ ತೆಳು ಪದರ ಹೋಗುತ್ತದೆ. ದಪ್ಪಗೆ ಕಟ್ಟಿದ್ದರೆ ಎರಡು ಮೂರು ಸಲ ಬೇಕು, ಅಡುಗೆಮನೆ ತುಂಬ ಘಾಟು ಬೇರೆ. ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಹರಳು, ಇದಕ್ಕಿಂತ ವಾಸಿ, ವಾಸನೆಯೂ ಇಲ್ಲ. ಅರ್ಧ ಲೀಟರ್ ಬಿಸಿನೀರಿಗೆ ಎರಡು ಟೇಬಲ್ ಚಮಚ ಕರಗಿಸಿ. ಸಿಂಕಿನ ಗೋಡೆಯಲ್ಲಿ ದ್ರಾವಣ ನಿಲ್ಲುವುದಿಲ್ಲವಾದ್ದರಿಂದ ಟಿಶ್ಯೂ ನೆನೆಸಿ ಅಂಟಿಸಿ, ಇಪ್ಪತ್ತು ನಿಮಿಷ ಬಿಟ್ಟು, ನೈಲಾನ್ ಬ್ರಷ್ಷಿನಿಂದ ಸುತ್ತು ಸುತ್ತಾಗಿ ಉಜ್ಜಿ ತೊಳೆಯಿರಿ. ಪಕ್ಕದ ಕಟ್ಟೆ ಕಡಪ ಕಲ್ಲಿನದಾದರೆ ಎಚ್ಚರ: ಅದು ಸುಣ್ಣದ ಕಲ್ಲು, ಹುಳಿ ಬಿದ್ದ ಕಡೆ ಹೊಳಪು ಸತ್ತು ಕಲೆ ಉಳಿಯುತ್ತದೆ. ಕಟ್ಟೆಗೆ ಮೊದಲೇ ಒದ್ದೆ ಬಟ್ಟೆ ಹಾಸಿಡಿ.

ಅಡುಗೆ ಸೋಡಾ ಸುಣ್ಣವನ್ನು ಅಲುಗಿಸುವುದೂ ಇಲ್ಲ. ಅದರ ಕೆಲಸ ಜಿಡ್ಡಿಗೆ, ಮತ್ತು ಪಾತ್ರೆಯ ತಳ ತಾಗಿ ಬೀಳುವ ಬೆಳ್ಳಿ ಗೀರುಗಳಿಗೆ. ಮೂರು ಪಾಲು ಸೋಡಾ, ಒಂದು ಪಾಲು ನೀರು, ಮೆತ್ತಗಿನ ಸ್ಪಂಜು. ಸೋಡಾ, ವಿನೆಗರ್ ಎರಡನ್ನೂ ಒಟ್ಟಿಗೆ ಸುರಿಯುವ ವಿಡಿಯೊಗಳನ್ನು ನಂಬಬೇಡಿ. ನೊರೆ ನೋಡಲು ಚೆಂದ, ಆದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದು ಹಾಕುತ್ತದೆ. ಗೀರು ಮೊಂಡಾಗಿದ್ದರೆ ಮೆಲಮೈನ್ ಸ್ಪಂಜು ಚೆನ್ನಾಗಿ ತೆಗೆಯುತ್ತದೆ. ಅದೂ ನುಣ್ಣನೆಯ ಉಪ್ಪುಕಾಗದದ ಜಾತಿಯೇ, ಆದ್ದರಿಂದ ಮಿರಮಿರ ಹೊಳೆಯುವ ಸಿಂಕಿಗೆ ಬೇಡ. ಸ್ಟೀಲ್ ನಾರು, ಬ್ಲೀಚ್ ಯಾವ ಸಿಂಕಿಗೂ ಬೇಡ.

ಎಣ್ಣೆಯ ಸರದಿ ಕೊನೆಗೆ. ಸುಣ್ಣದ ಮೇಲೆಯೇ ಸವರಿದರೆ ಒಂದೆರಡು ದಿನ ಕಪ್ಪಾಗಿ ಕಂಡು, ಪಾತ್ರೆ ಸೋಪು ತಾಗಿದ ಕಡೆಯೆಲ್ಲ ಮತ್ತೆ ಬೆಳ್ಳಗಾಗುತ್ತದೆ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಧೂಳು ಹಿಡಿಯುತ್ತದೆ, ಆಮೇಲೆ ಕಮಟು ವಾಸನೆ. ಅಡುಗೆ ಪಾತ್ರೆಗೆ ತಗಲಬಹುದಾದ ದರ್ಜೆಯ ಮಿನರಲ್ ಆಯಿಲ್ (ಪೆಟ್ರೋಲಿಯಂನಿಂದ ತೆಗೆದ ಬಣ್ಣವಿಲ್ಲದ ಎಣ್ಣೆ) ಒಂದು ಚಮಚ ಸಾಕು: ಪೂರ್ತಿ ಒಣಗಿದ ಸಿಂಕಿಗೆ ಬಟ್ಟೆಯಿಂದ ಹಚ್ಚಿ, ಹದಿನೈದು ನಿಮಿಷದ ನಂತರ ಕೈಗೆ ಅಂಟದಷ್ಟು ಒರೆಸಿ. ಹುಳಿಗೂ ಸೋಡಾಕ್ಕೂ ಬಗ್ಗದ ಬಿಳುಪು ರಾಳ ಸವೆದದ್ದು. ಅಲ್ಲಿ ಈ ಎಣ್ಣೆಯೊಂದೇ ದಾರಿ, ಅದೂ ಮತ್ತೆ ಮತ್ತೆ ಹಚ್ಚುತ್ತಿರಬೇಕು.